ಎದುರಿನವರಿಗೆ ನೀವು ಕಾಣುತ್ತಿದ್ದೀರಾ? ದ್ವಿಚಕ್ರ ಸವಾರರ ಪ್ರಶ್ನೆಗಳಿಗೆ ಉತ್ತರ

ದ್ವಿಚಕ್ರ ವಾಹನಗಳ ಸುರಕ್ಷತೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಸವಾರರ ಪತ್ರಗಳ ಜೊತೆಗೆ ಒಬ್ಬ ಲಾರಿ ಚಾಲಕರ ಪತ್ರವೂ ಇರುವುದು ಸಂತೋಷದ ಸಂಗತಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಜೀವ ಕಳೆದುಕೊಂಡ 1,68,491 ಮಂದಿಯಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಆದ್ದರಿಂದ ಈ ಸಲದ ಪುಟಗಳನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಬೈಕಿನಲ್ಲಿ ನನ್ನ ಪಾಡಿಗೆ ನೇರವಾಗಿ ಹೋಗುತ್ತಿದ್ದೆ. ಎದುರಿನಿಂದ ಬಂದ ಕಾರು ಒಮ್ಮೆಲೇ ಬಲಕ್ಕೆ ತಿರುಗಿ ನನ್ನ ಮುಂದೆ ಅಡ್ಡ ಬಂತು. ಬ್ರೇಕ್ ಹಿಡಿದು ಬಿದ್ದೆ, ಮೊಣಕಾಲಿಗೆ ಪೆಟ್ಟಾಯಿತು. ಚಾಲಕರು ಇಳಿದು ಬಂದು, “ನಿಮ್ಮನ್ನು ನೋಡಲೇ ಇಲ್ಲ” ಎಂದರು. ಬಿಸಿಲು ಚೆನ್ನಾಗಿತ್ತು, ನನ್ನ ಬೈಕಿನ ದೀಪವೂ ಉರಿಯುತ್ತಿತ್ತು. ನೋಡಲಿಲ್ಲ ಎನ್ನುವುದು ತಪ್ಪಿಸಿಕೊಳ್ಳಲು ಹೇಳುವ ಮಾತಲ್ಲವೇ?
– ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ನೇರವಾಗಿ ಬರುತ್ತಿರುವ ವಾಹನಕ್ಕೆ ದಾರಿ ಬಿಟ್ಟು ಆಮೇಲೆ ಬಲಕ್ಕೆ ತಿರುಗಬೇಕಾದದ್ದು ಕಾರಿನವರ ಕರ್ತವ್ಯ. ಆ ವಿಷಯದಲ್ಲಿ ಅನುಮಾನವಿಲ್ಲ. ಆದರೆ ಅವರ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಅದು ನಿಜವಾಗಿದ್ದರೆ ನಾವು ಇನ್ನಷ್ಟು ಎಚ್ಚರ ವಹಿಸಬೇಕು, ಏಕೆಂದರೆ ಸುಳ್ಳು ಹೇಳುವವರು ಕೆಲವರು, ಹೀಗೆ ಕಾಣದೆ ಹೋಗುವುದು ಮಾತ್ರ ಯಾವ ಚಾಲಕರಿಗೂ ಆಗಬಹುದಾದದ್ದು.

ಕಾರಿನ ಮುಂಗಾಜಿನ ಎರಡೂ ಬದಿಯಲ್ಲಿ ಚಾವಣಿಯನ್ನು ಹೊತ್ತ ಕಂಬಗಳಿರುತ್ತವೆ. ಸುರಕ್ಷತೆಯ ಕಾರಣಕ್ಕಾಗಿಯೇ ಇತ್ತೀಚಿನ ಕಾರುಗಳಲ್ಲಿ ಅವು ದಪ್ಪವಾಗಿವೆ. ಚಾಲಕರ ಕಣ್ಣಿಗೆ ಹತ್ತಿರವಿರುವ ಆ ಕಂಬವು ಸ್ವಲ್ಪ ದೂರದಲ್ಲಿರುವ ಒಂದು ಬೈಕನ್ನು ಸವಾರನ ಸಮೇತ ಮರೆಮಾಡಬಲ್ಲದು. ಕಾರೂ ಬೈಕೂ ಒಂದೇ ಬಿಂದುವಿನ ಕಡೆಗೆ ಸಾಗುತ್ತಿದ್ದರೆ, ಕಾರು ಮುಂದೆ ಸರಿದಂತೆ ಬೈಕೂ ಕಂಬದ ಮರೆಯಲ್ಲೇ ಸರಿಯುತ್ತಾ ಬರುವುದರಿಂದ, ಆ ಕೆಲವು ಕ್ಷಣಗಳ ಕಾಲ ಚಾಲಕರ ಪಾಲಿಗೆ ರಸ್ತೆ ಖಾಲಿಯಾಗಿಯೇ ಇರುತ್ತದೆ. ಎರಡನೆಯ ಕಾರಣ ಬೈಕಿನ ಗಾತ್ರ. ಎದುರಿನಿಂದ ಬರುವ ವಸ್ತು ಕಣ್ಣಿನಲ್ಲಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದಲೇ ನಾವು ಅದರ ದೂರವನ್ನೂ ವೇಗವನ್ನೂ ಅಂದಾಜು ಮಾಡುತ್ತೇವೆ. ಬಸ್ಸು ದೂರದಿಂದಲೇ ದೊಡ್ಡದಾಗುತ್ತಾ ಬರುವುದು ತಿಳಿಯುತ್ತದೆ. ಬೈಕಿನ ಕಿರಿದಾದ ಆಕಾರವಾದರೋ ತೀರಾ ಹತ್ತಿರಕ್ಕೆ ಬರುವವರೆಗೆ ಹೆಚ್ಚು ಬದಲಾದಂತೆ ತೋರುವುದಿಲ್ಲ. ಹೀಗಾಗಿ ಬೈಕನ್ನು ಕಂಡವರೂ ಅದು ಇನ್ನೂ ದೂರವಿದೆ, ನಿಧಾನವಾಗಿ ಬರುತ್ತಿದೆ ಎಂದು ತಪ್ಪಾಗಿ ಎಣಿಸುತ್ತಾರೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದೀಪ ತಾನಾಗಿ ಉರಿಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ದೀಪದಿಂದ ಪ್ರಯೋಜನವಿದೆ, ಆದರೆ ಹಿಂದೆ ಲಾರಿಯ ದೀಪಗಳೂ ಇದ್ದಾಗ ಒಂದು ಸಣ್ಣ ದೀಪ ಅವುಗಳಲ್ಲಿ ಕರಗಿಹೋಗುತ್ತದೆ.

ಸವಾರರು ಮಾಡಬಹುದಾದದ್ದು ಸಾಕಷ್ಟಿದೆ. ಕೂಡುರಸ್ತೆ ಹತ್ತಿರವಾದಾಗ ಬಸ್ಸು ಅಥವಾ ಟೆಂಪೋದ ಬಾಲ ಹಿಡಿದು ಹೋಗಬೇಡಿ. ಆ ವಾಹನ ದಾಟುವುದನ್ನೇ ಕಾಯುತ್ತಿರುವವರಿಗೆ ಅದರ ಹಿಂದಿರುವ ನೀವು ಕಾಣುವುದಿಲ್ಲ. ನಿಮ್ಮ ಪಥದೊಳಗೇ ಎಡದಿಂದ ಬಲಕ್ಕೆ ಸ್ವಲ್ಪ ಸರಿದು ಬನ್ನಿ. ಒಂದೇ ರೇಖೆಯಲ್ಲಿ ಬರುವ ವಸ್ತುವಿಗಿಂತ ಅಡ್ಡಲಾಗಿ ಚಲಿಸುವ ವಸ್ತುವನ್ನು ಕಣ್ಣು ಬೇಗ ಗುರುತಿಸುತ್ತದೆ. ಎದುರಿನ ಚಾಲಕರು ನಿಮ್ಮತ್ತ ಮುಖ ಮಾಡಿದ್ದಾರೆ ಎಂದ ಮಾತ್ರಕ್ಕೆ ನಂಬಬೇಡಿ, ಕಾರಿನ ಮುಂದಿನ ಚಕ್ರವನ್ನು ನೋಡಿ. ಕಾರು ಹೊರಡುವ ಸೂಚನೆ ಚಾಲಕರ ಮುಖಕ್ಕಿಂತ ಮೊದಲು ಚಕ್ರದಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ವೇಗ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಆಮೇಲೆ ಒಣಗಿದ ಒಳ್ಳೆಯ ರಸ್ತೆಯಲ್ಲೂ ನಿಲ್ಲಲು ಇನ್ನು ಸುಮಾರು 20 ಮೀಟರ್ ಬೇಕು. ಅದೇ ಬೈಕ್ 40 ಕಿ.ಮೀ. ವೇಗದಲ್ಲಿದ್ದರೆ ಎರಡೂ ಸೇರಿ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಕೂಡುರಸ್ತೆಗೆ ಮೊದಲೇ ಆಕ್ಸಿಲರೇಟರ್ ಸಡಿಲಿಸಿ ಬ್ರೇಕಿನ ಮೇಲೆ ಬೆರಳಿಟ್ಟುಕೊಂಡಿದ್ದರೆ ಆ ಮೊದಲ ಸೆಕೆಂಡೂ ಮೊಟಕಾಗುತ್ತದೆ.

ಕಾರು ಓಡಿಸುವ ಓದುಗರಲ್ಲಿ ಒಂದು ವಿನಂತಿ. ಬಲಕ್ಕೆ ತಿರುಗುವ ಮುನ್ನ ಕುಳಿತಲ್ಲೇ ತಲೆಯನ್ನು ಒಂದಿಷ್ಟು ಮುಂದಕ್ಕೂ ಪಕ್ಕಕ್ಕೂ ಬಾಗಿಸಿ ಕಂಬದ ಆಚೆ ನೋಡಿ. ಒಮ್ಮೆ ನೋಡಿದ ಮೇಲೆ ಇನ್ನೊಮ್ಮೆ ನೋಡಿ, ಆ ಎರಡನೆಯ ಸಲ “ಬೈಕ್ ಬರುತ್ತಿದೆಯೇ” ಎಂದೇ ಹುಡುಕಿ. ಬಸ್ಸು, ಲಾರಿಗಳನ್ನಷ್ಟೇ ಹುಡುಕುವ ಕಣ್ಣಿಗೆ ಬಸ್ಸು, ಲಾರಿಗಳಷ್ಟೇ ಕಾಣುತ್ತವೆ.

ಪ್ರಶ್ನೆ: ನಾನು ಹಲವು ವರ್ಷಗಳಿಂದ ಟ್ರೇಲರ್ ಲಾರಿ ಓಡಿಸುತ್ತಿದ್ದೇನೆ. ಎಡಕ್ಕೆ ತಿರುಗುವಾಗ ಬೈಕಿನವರು ಎಡಗಡೆ ಸಂದಿಯಲ್ಲಿ ನುಗ್ಗುತ್ತಾರೆ. ಏನಾದರೂ ಆದರೆ ಜನ ಸೇರಿ ಮೊದಲು ನಮ್ಮನ್ನೇ ಹೊಡೆಯುತ್ತಾರೆ. ದೊಡ್ಡ ಗಾಡಿಯವನದೇ ತಪ್ಪು ಎನ್ನುವುದು ಯಾವ ನ್ಯಾಯ, ಸ್ವಾಮಿ?
– ಲಾರಿ ಚಾಲಕ, ಹುಬ್ಬಳ್ಳಿ

ಉತ್ತರ: ತನಿಖೆ ನಡೆಯುವ ಮೊದಲೇ ಚಾಲಕರ ಮೇಲೆ ಕೈಮಾಡುವುದು ಅಪರಾಧ. ಆ ಭಯದಿಂದಲೇ ಅನೇಕ ಚಾಲಕರು ಗಾಯಾಳುವನ್ನು ಬಿಟ್ಟು ಓಡಿಹೋಗುತ್ತಾರೆ, ಅದರಿಂದ ಉಳಿಯಬಹುದಾದ ಜೀವವೂ ಹೋಗುತ್ತದೆ. ನಿಮ್ಮ ನೋವು ನ್ಯಾಯವಾದದ್ದು.

ಲಾರಿಯ ಚಾಲಕರ ಆಸನದಲ್ಲಿ ಒಂದು ಸಲವೂ ಕುಳಿತಿರದ ಸವಾರರು ತಿಳಿಯಬೇಕಾದ ಸಂಗತಿಗಳಿವೆ. ಆ ಎತ್ತರದಿಂದ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಬಂಪರಿಗೆ ಅಂಟಿದಂತೆ ನಿಂತ ಸ್ಕೂಟರ್, ಎಡಬಾಗಿಲಿನ ಕೆಳಗಿರುವ ಬೈಕ್, ಟ್ರೇಲರಿನ ಬೆನ್ನಿಗೇ ಬರುತ್ತಿರುವ ಸವಾರ, ಈ ಮೂವರೂ ಚಾಲಕರ ಪಾಲಿಗೆ ಇಲ್ಲವೇ ಇಲ್ಲ. ಲಾರಿಯ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣುತ್ತಿಲ್ಲವೆಂದರೆ ಅವರಿಗೂ ನೀವು ಕಾಣುತ್ತಿಲ್ಲವೆಂದೇ ತಿಳಿಯಿರಿ. ಇನ್ನೊಂದು ಸಂಗತಿ, ತಿರುವಿನಲ್ಲಿ ಉದ್ದನೆಯ ವಾಹನದ ಹಿಂದಿನ ಚಕ್ರಗಳು ಮುಂದಿನ ಚಕ್ರಗಳು ಹೋದ ಜಾಡಿನಲ್ಲಿ ಹೋಗುವುದಿಲ್ಲ, ತಿರುವಿನ ಒಳಬದಿಗೆ ಸರಿದು ಹೋಗುತ್ತವೆ. ಅದಕ್ಕಾಗಿಯೇ ಎಡಕ್ಕೆ ತಿರುಗಬೇಕಾದ ಲಾರಿ ಮೊದಲು ಸ್ವಲ್ಪ ಬಲಕ್ಕೆ ಹೋಗುತ್ತದೆ. ಆಗ ಎಡಗಡೆ ತೆರೆದುಕೊಳ್ಳುವ ಜಾಗವನ್ನು ನೋಡಿ “ದಾರಿ ಸಿಕ್ಕಿತು” ಎಂದು ನುಗ್ಗುವ ಸವಾರನಿಗೆ, ಅದು ಇನ್ನೆರಡು ಕ್ಷಣಗಳಲ್ಲಿ ಹಿಂದಿನ ಚಕ್ರಗಳು ಹಾದುಹೋಗಲಿರುವ ಜಾಗ ಎಂಬುದು ತಿಳಿದಿರುವುದಿಲ್ಲ. ನಗರದ ಬಸ್ಸುಗಳಿಗೂ ಕಬ್ಬು ತುಂಬಿದ ಜೋಡಿ ಟ್ರಾಲಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತಿರುಗುತ್ತಿರುವ ದೊಡ್ಡ ವಾಹನದ ಎಡಬದಿಗೆ ಯಾವ ಕಾರಣಕ್ಕೂ ಹೋಗಬಾರದು, ಅದರ ಹಿಂದೆ ಚಾಲಕರ ಕನ್ನಡಿಗೆ ಕಾಣುವಷ್ಟು ದೂರದಲ್ಲಿ ನಿಲ್ಲಬೇಕು.

ಇಷ್ಟು ಹೇಳಿದ ಮೇಲೂ, ಹೆಚ್ಚು ಹಾನಿ ಮಾಡಬಲ್ಲ ವಾಹನದವರ ಮೇಲೆ ಹೆಚ್ಚಿನ ಹೊಣೆ ಇದೆ ಎಂಬುದೇ ನನ್ನ ಅಭಿಪ್ರಾಯ. ಇದು ತಪ್ಪು ಹೊರಿಸುವ ಮಾತಲ್ಲ. ಇಂಡಿಕೇಟರನ್ನು ತಿರುವು ಬಂದ ಮೇಲೆ ಹಾಕದೆ ಸಾಕಷ್ಟು ಮುಂಚೆಯೇ ಹಾಕಿ. ಎಡಗಡೆ ಅಗಲವಾದ ನೋಟ ಕೊಡುವ ಉಬ್ಬುಗನ್ನಡಿಯನ್ನು ಇರಿಸಿಕೊಳ್ಳಿ. ಕ್ಲೀನರ್ ಜೊತೆಗಿದ್ದರೆ ತಿರುವಿನಲ್ಲಿ ಅವರು ಎಡಗಿಟಕಿಯಿಂದ ತಲೆ ಹಾಕಿ ನೋಡಲಿ. ನಿಮ್ಮ ವೃತ್ತಿಯಲ್ಲಿ ಬಹಳ ಕಾಲದಿಂದ ಬಂದಿರುವ ಒಂದು ರೂಢಿಯನ್ನು ಬಿಟ್ಟುಬಿಡಿ ಎಂದು ಬೇಡಿಕೊಳ್ಳುತ್ತೇನೆ. ಹಿಂದಿನವರಿಗೆ “ಮುಂದೆ ಹೋಗಿ” ಎಂದು ತಿಳಿಸಲು ಬಲಗಡೆ ಇಂಡಿಕೇಟರ್ ಹಾಕುವುದುಂಟು. ಅದೇ ದೀಪ “ನಾನು ಬಲಕ್ಕೆ ತಿರುಗುತ್ತಿದ್ದೇನೆ” ಎಂಬ ಅರ್ಥವನ್ನೂ ಕೊಡುತ್ತದೆ. ಎರಡರಲ್ಲಿ ಯಾವುದು ಎಂದು ಊಹಿಸಬೇಕಾದ ಬೈಕಿನವರ ಊಹೆ ತಪ್ಪಿದರೆ ಅವರಿಗೆ ಇನ್ನೊಂದು ಅವಕಾಶ ಸಿಗುವುದಿಲ್ಲ. ರಾತ್ರಿ ವೇಳೆ ಕೆಟ್ಟು ನಿಂತ ಲಾರಿಯ ಹಿಂದೆ ಕಲ್ಲು, ಸೊಪ್ಪು ಇಟ್ಟರೆ ಸಾಲದು, ಪ್ರತಿಫಲಿಸುವ ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆಯೇ ಇಡಬೇಕು. ಹಿಂದಿನ ಪ್ರತಿಫಲನ ಪಟ್ಟಿಗಳ ಮೇಲೆ ಕೂತ ಕೆಸರನ್ನು ಹೊರಡುವ ಮುನ್ನ ಒರೆಸಬೇಕು.

ಪ್ರಶ್ನೆ: ನಾನು, ನಮ್ಮ ಯಜಮಾನರು, ಮೂರು ವರ್ಷದ ಮಗು ಒಂದೇ ಬೈಕಿನಲ್ಲಿ ವಾರಕ್ಕೊಮ್ಮೆ ತವರಿಗೆ ಹೋಗಿಬರುತ್ತೇವೆ. ಯಜಮಾನರು ಮಾತ್ರ ಹೆಲ್ಮೆಟ್ ಹಾಕುತ್ತಾರೆ. ಹಳ್ಳಿ ರಸ್ತೆಯಲ್ಲಿ ಹಿಂದೆ ಕೂತವರಿಗೂ ಬೇಕೇ? ಮಗುವಿಗೆ ಯಾವ ನಿಯಮವಿದೆ? ನಾನು ಸೀರೆ ಉಟ್ಟು ಒಂದು ಬದಿಗೆ ಕಾಲು ಹಾಕಿ ಕೂರುತ್ತೇನೆ.
– ಶಿಕ್ಷಕಿ, ಚನ್ನರಾಯಪಟ್ಟಣ

ಉತ್ತರ: ಖಂಡಿತವಾಗಿಯೂ ಬೇಕು. ಮೇಲೆ ಹೇಳಿದ ವರದಿಯಲ್ಲೇ, 2022ರಲ್ಲಿ ಹೆಲ್ಮೆಟ್ ಇಲ್ಲದೆ ಪ್ರಾಣ ಕಳೆದುಕೊಂಡ 50,029 ಮಂದಿಯಲ್ಲಿ 14,337 ಮಂದಿ ಹಿಂದೆ ಕುಳಿತವರು. ಬೈಕ್ ಉರುಳಿದಾಗ ಹಿಡಿದುಕೊಳ್ಳಲು ಹ್ಯಾಂಡಲ್ ಕೂಡ ಇಲ್ಲದ ಹಿಂಬದಿ ಸವಾರರೇ ಮೊದಲು ಎಸೆಯಲ್ಪಡುವುದುಂಟು, ಹಳ್ಳಿ ರಸ್ತೆಯ ಟಾರು ನಗರದ ಟಾರಿಗಿಂತ ಮೃದುವಾಗಿರುವುದಿಲ್ಲ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದಲೇ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಮೋಟಾರು ವಾಹನ ಕಾಯಿದೆಯ 129ನೆಯ ಸೆಕ್ಷನ್ 2019ರ ತಿದ್ದುಪಡಿಯ ನಂತರ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಅದನ್ನು ಧರಿಸಬೇಕೆನ್ನುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗಾಗಿ 2023ರ ಫೆಬ್ರವರಿಯಿಂದ ಪ್ರತ್ಯೇಕ ನಿಯಮ ಜಾರಿಯಲ್ಲಿದೆ. ಮಗುವನ್ನು ಸವಾರರಿಗೆ ಸೇರಿಸಿ ಕಟ್ಟುವ ಸುರಕ್ಷತಾ ಪಟ್ಟಿ ಇರಬೇಕು, ಮಗುವಿನ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ದ್ವಿಚಕ್ರ ವಾಹನದಲ್ಲಿ ಸವಾರರ ಜೊತೆಗೆ ಒಬ್ಬರಿಗಿಂತ ಹೆಚ್ಚು ಮಂದಿ ಕೂರಲು ಕಾಯಿದೆಯಲ್ಲಿ ಅವಕಾಶವಿಲ್ಲ. ಎಷ್ಟೋ ಮನೆಗಳಿಗೆ ಇರುವುದು ಒಂದೇ ಬೈಕ್, ಊರಿಗೆ ಬರುವುದು ದಿನಕ್ಕೆರಡು ಬಸ್ಸು ಎಂಬುದನ್ನು ನಾನು ಬಲ್ಲೆ. ಆದರೂ ತವರಿಗೆ ಹೋಗುವ ದಿನ ಮಗುವನ್ನು ಕರೆದುಕೊಂಡು ನೀವು ಬಸ್ಸಿನಲ್ಲಿ ಹೋಗುವಂತಿದ್ದರೆ ಹಾಗೆ ಮಾಡಿ ಎಂದೇ ನನ್ನ ಸಲಹೆ. ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದಂತೂ ಬೇಡವೇ ಬೇಡ. ಜೋರಾಗಿ ಬ್ರೇಕ್ ಹಿಡಿದರೆ ತಂದೆಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಐಎಸ್ 4151 ಎಂಬ ಸಂಖ್ಯೆಯನ್ನು ನೋಡಿ. 2021ರ ಜೂನ್‌ನಿಂದ ಈ ಪ್ರಮಾಣೀಕರಣವಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ನಿಷಿದ್ಧ, ಆದರೂ ರಸ್ತೆ ಬದಿಯಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ತಲೆಯ ಮೇಲರ್ಧವನ್ನಷ್ಟೇ ಮುಚ್ಚುವ ಹಾಫ್ ಹೆಲ್ಮೆಟ್ ದಂಡದಿಂದ ತಪ್ಪಿಸಿಕೊಳ್ಳಲು ಹಾಕುವಂಥದ್ದು, ದವಡೆಗೂ ಕಿವಿಯ ಹಿಂಭಾಗಕ್ಕೂ ಅದರಿಂದ ರಕ್ಷಣೆಯಿಲ್ಲ. ಅಂಗಡಿಯಲ್ಲಿ ಹಾಕಿಕೊಂಡು, ಗದ್ದದ ಪಟ್ಟಿ ಬಿಗಿದು, ಹಿಂಭಾಗದಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ನಿಮಗಿಂತ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲಿನಂಥ ಪದರ ಕುಸಿದಿರುತ್ತದೆ, ಅದನ್ನು ಬದಲಾಯಿಸಿ.

ಒಂದು ಬದಿಗೆ ಕೂರುವುದಕ್ಕಿಂತ ಎರಡೂ ಕಡೆ ಕಾಲು ಹಾಕಿ ಕೂರುವುದು ಬಹಳ ಸುರಕ್ಷಿತ, ಪ್ರಯಾಣದ ದಿನ ಚೂಡಿದಾರ್ ಧರಿಸಬಹುದಾದರೆ ಒಳ್ಳೆಯದು. ಸೀರೆಯೇ ಆದರೆ ಸೆರಗನ್ನೂ ನೆರಿಗೆಯ ಅಂಚನ್ನೂ ಎತ್ತಿ ಸಿಕ್ಕಿಸಿಕೊಳ್ಳಿ. ಹಿಂದಿನ ಚಕ್ರಕ್ಕೆ ಹಾಕುವ ಸೀರೆ ಗಾರ್ಡ್ ನಿಯಮದ ಪ್ರಕಾರವೇ ಇರಬೇಕಾದದ್ದು, ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ.

ಪ್ರಶ್ನೆ: ಹೊಸ ಬೈಕ್ ಕೊಳ್ಳಬೇಕೆಂದಿದ್ದೇನೆ. ಎಬಿಎಸ್ ಇರುವುದಕ್ಕೆ ಹೆಚ್ಚು ಹಣ ಕೊಡಬೇಕೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೊಡಿ. 125 ಸಿಸಿ ಮೀರಿದ ಬೈಕುಗಳಲ್ಲಿ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಗಾಬರಿಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರುವುದನ್ನು ಅದು ತಪ್ಪಿಸುತ್ತದೆ. ಆದರೆ ಮುಂದಿನ ಬ್ರೇಕನ್ನು ಹಿಡಿದರೆ ಬೀಳುತ್ತೇವೆಂಬ ಭಯದಲ್ಲಿ ಕಾಲಿನ ಬ್ರೇಕನ್ನಷ್ಟೇ ಬಳಸುವವರಿಗೆ ಯಾವ ಎಬಿಎಸ್ ಕೂಡ ಪೂರ್ತಿ ನೆರವಾಗದು. ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಖಾಲಿ ಮೈದಾನದಲ್ಲಿ ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಬಿಗಿ ಮಾಡುತ್ತಾ ಹಿಡಿಯುವುದನ್ನು ಅಭ್ಯಾಸ ಮಾಡಿ.

ಪ್ರಶ್ನೆ: ಸುಗ್ಗಿಯಲ್ಲಿ ನಮ್ಮ ಕಡೆ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡುತ್ತಾರೆ. ಕಳೆದ ವರ್ಷ ನನ್ನ ಸ್ಕೂಟರ್ ಜಾರಿ ಕೈ ಮುರಿಯಿತು. ಕೇಳಿದರೆ, “ಕಣ ಎಲ್ಲಿದೆ, ನೀವೇ ತೋರಿಸಿ” ಎಂದು ಜಗಳಕ್ಕೆ ಬರುತ್ತಾರೆ.
– ಹಾಲಿನ ಡೇರಿ ನೌಕರ, ನಾಗಮಂಗಲ

ಉತ್ತರ: ಹುಲ್ಲಿನ ಪದರದ ಮೇಲೆ ಚಕ್ರ ಹತ್ತಿದರೆ ಟೈರು ರಸ್ತೆಯನ್ನು ಮುಟ್ಟುವುದೇ ಇಲ್ಲ. ಹುರುಳಿಯ ಗುಂಡಗಿನ ಕಾಳು ಟೈರಿನಡಿ ಉರುಳುವುದರಿಂದ ಅಪಾಯ ಇನ್ನೂ ಹೆಚ್ಚು. ಹರವನ್ನು ಕಂಡೊಡನೆ, ಅದರ ಮೇಲೆ ಹೋಗುವ ಮೊದಲೇ ವೇಗ ತಗ್ಗಿಸಿ. ಹತ್ತಿದ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರವಾಗಿ ದಾಟಿ. ರಾಶಿಯನ್ನು ತಪ್ಪಿಸಲು ರಸ್ತೆಯ ಬಲಬದಿಗೆ ಹೋಗುವುದಾದರೆ ಎದುರಿನ ಕಾರೂ ಅದೇ ಕಾರಣಕ್ಕೆ ಅದೇ ಜಾಗಕ್ಕೆ ಬರುತ್ತಿರಬಹುದೆಂಬ ಎಚ್ಚರವಿರಲಿ. ರಾತ್ರಿಯ ಪ್ರಯಾಣದಲ್ಲಿ ಹುಲ್ಲಿಗಿಂತ ಹೆಚ್ಚು ಕೆಟ್ಟದ್ದು ರಾಶಿಯ ಸುತ್ತ ಇಟ್ಟ ಕಲ್ಲುಗಳು. ಎಷ್ಟೋ ಕಡೆ ಒಕ್ಕಣೆ ಮುಗಿದು ರಾಶಿ ಮನೆ ಸೇರಿದ ಮೇಲೂ ಆ ಕಲ್ಲುಗಳು ಅಲ್ಲೇ ಉಳಿದಿರುತ್ತವೆ.

ರಸ್ತೆಯಲ್ಲಿ ಒಕ್ಕಣೆ ಮಾಡುವುದು ತಪ್ಪು. ಆದರೆ ಆ ರೈತರ ಪ್ರಶ್ನೆಗೂ ಉತ್ತರ ಸಿಗಬೇಕು. ಹಿಂದೆ ಊರೂರಿಗೆ ಇದ್ದ ಕಣಗಳ ಜಾಗದಲ್ಲಿ ಇಂದು ಮನೆಗಳೆದ್ದಿವೆ, ಕಣ ಮಾಡಿ ಸಾರಿಸುವ ಕೂಲಿಯೂ ದುಬಾರಿಯಾಗಿದೆ. ಸುಗ್ಗಿಗೆ ಮೊದಲು ನಡೆಯುವ ಗ್ರಾಮಸಭೆಯಲ್ಲಿ ಸಾರ್ವಜನಿಕ ಕಣವೊಂದನ್ನು ನಿರ್ಮಿಸಿಕೊಡಬೇಕೆಂದು ನೀವೂ ಅವರೂ ಒಟ್ಟಿಗೆ ಲಿಖಿತ ಬೇಡಿಕೆ ಕೊಡಿ. ಕೈ ಮುರಿದುಕೊಂಡ ನೀವೇ ಅವರ ಪರವಾಗಿ ಕೇಳಿದರೆ ಜಗಳ ಅಲ್ಲಿಗೇ ನಿಲ್ಲಬಹುದು. ಕಣ ಆಗುವವರೆಗೆ ಕನಿಷ್ಠ ತಿರುವಿನಲ್ಲಿ ಮತ್ತು ಇಳಿಜಾರಿನಲ್ಲಿ ಹರಡಬಾರದು, ಸಂಜೆಯಾಗುತ್ತಲೇ ಕಲ್ಲುಗಳನ್ನು ಎತ್ತಿಹಾಕಬೇಕು ಎಂಬಷ್ಟನ್ನಾದರೂ ಊರಿನವರೇ ಕೂತು ನಿರ್ಧರಿಸಿಕೊಳ್ಳಲಿ.

ಪ್ರಶ್ನೆ: ನಗರದಲ್ಲಿ ಊಟ ತಲುಪಿಸುವ ಕೆಲಸ ನನ್ನದು. ಸಿಗ್ನಲ್‌ನಲ್ಲಿ ಕಾರುಗಳ ನಡುವೆ ನುಸುಳದಿದ್ದರೆ ಹೊತ್ತಿಗೆ ಮುಟ್ಟುವುದಿಲ್ಲ. ಎರಡು ಸಲ ನಿಂತ ಕಾರಿನ ಬಾಗಿಲು ತೆರೆದುಕೊಂಡು ಬಡಿದಿದೆ.
– ಡೆಲಿವರಿ ಸವಾರ, ಬೆಂಗಳೂರು

ಉತ್ತರ: ಹೊತ್ತಿಗೆ ಮುಟ್ಟಿಸಬೇಕೆಂಬ ಒತ್ತಡ ನೀವು ತಂದುಕೊಂಡದ್ದಲ್ಲ ಎಂಬ ಅರಿವು ನನಗಿದೆ. ನಿಂತ ಕಾರುಗಳ ಸಾಲನ್ನು ದಾಟುವಾಗ ಬಾಗಿಲೊಂದರ ಅಗಲದಷ್ಟು, ಅಂದರೆ ಒಂದು ಮೀಟರಾದರೂ ದೂರವಿರಿ. ಈಗಷ್ಟೇ ಆರಿದ ಬ್ರೇಕ್ ದೀಪ, ಸೀಟಿನಲ್ಲಿ ಕಾಣುವ ತಲೆ, ಕನ್ನಡಿಯಲ್ಲಿ ಚಲಿಸುವ ಮುಖ, ಇವು ಬಾಗಿಲು ತೆರೆಯಲಿದೆ ಎಂಬುದರ ಸೂಚನೆಗಳು. ಚಲಿಸುತ್ತಿರುವ ವಾಹನಗಳ ನಡುವೆ ನುಸುಳಲೇಬೇಡಿ. ಮೊದಲ ಮಳೆಯ ದಿನ ರಸ್ತೆಯ ಎಣ್ಣೆ ಮೇಲೆದ್ದು ಬರುವುದರಿಂದ ಆ ಹೊತ್ತಿನಲ್ಲಿ ಬಿಳಿ ಪಟ್ಟಿ ಮತ್ತು ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಬೈಕನ್ನು ಓರೆ ಮಾಡಬೇಡಿ. ಕಾರಿನವರು ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಂಡರೆ ಮೈ ತಾನಾಗಿ ತಿರುಗಿ ಹಿಂದಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ. ಊಟ ತರಿಸಿಕೊಳ್ಳುವವರೂ ಹತ್ತು ನಿಮಿಷ ತಡವಾಯಿತೆಂದು ದೂರು ಬರೆಯುವ ಮುನ್ನ ಯೋಚಿಸಲಿ.

ಪ್ರಶ್ನೆ: ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಠಾಣೆ, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎನ್ನುತ್ತಾರೆ. ನಿಜವೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಇಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ನೆರವಿಗರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಉದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಅದಕ್ಕಾಗಿ ಮೊಕದ್ದಮೆ ಹೂಡುವಂತಿಲ್ಲ, ಅವರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಬಲವಂತಪಡಿಸುವಂತಿಲ್ಲ. 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೂ ಅವಕಾಶವಿದೆ.

ಮೊದಲು ಹಿಂದಿನಿಂದ ಬರುವ ವಾಹನಗಳನ್ನು ನಿಧಾನಗೊಳಿಸಲು ಒಬ್ಬರನ್ನು ನಿಲ್ಲಿಸಿ, ನಂತರ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಸ್ಥಳ ತಿಳಿಸುವಾಗ ಹತ್ತಿರದ ಕಿಲೋಮೀಟರ್ ಕಲ್ಲನ್ನೋ ಪೆಟ್ರೋಲ್ ಬಂಕನ್ನೋ ಹೇಳಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ, ಕೈಕಾಲು ಹಿಡಿದು ಎತ್ತಿ ಕೂರಿಸಬೇಡಿ. ಕುತ್ತಿಗೆಗೆ ಪೆಟ್ಟಾಗಿರಬಹುದಾದ್ದರಿಂದ ಹೆಲ್ಮೆಟನ್ನು ಎಳೆಯಬೇಡಿ, ಮುಂದಿನ ಗಾಜನ್ನಷ್ಟೇ ಮೇಲೆತ್ತಿ. ಉಸಿರಾಟ ನಿಂತಿದ್ದರೆ ಅಥವಾ ವಾಂತಿಯಿಂದ ಉಸಿರು ಕಟ್ಟುತ್ತಿದ್ದರೆ ಮಾತ್ರ ಅದನ್ನು ತೆಗೆಯಬೇಕು. ಆಗಲೂ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದಿರಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ ನಿಧಾನವಾಗಿ ಹೊರತೆಗೆಯಬೇಕು.